‘ಬೆಟ್ಟಕ್ಕೆ ಹೋಗಿದ್ರಾ?’

ಬೇರೆ ಊರುಗಳಲ್ಲಿ ಜ್ವರವೆಂದು ಬಂದವರನ್ನು ವೈದ್ಯರು ಮೊದಲು ಕೇಳುವುದು ಎಲ್ಲಿಯ ನೀರು ಕುಡಿದಿರಿ, ಎಲ್ಲಿ ಊಟ ಮಾಡಿದಿರಿ ಎಂದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ ಡಿಸೆಂಬರ್ ಬಂತೆಂದರೆ ಪ್ರಶ್ನೆಯೇ ಬೇರೆ. ‘ಬೆಟ್ಟಕ್ಕೆ ಹೋಗಿದ್ರಾ? ಅಲ್ಲೆಲ್ಲಾದರೂ ಮಂಗ ಸತ್ತು ಬಿದ್ದಿತ್ತಾ? ಮೈಗೆ ಉಣುಗು ಹತ್ತಿತ್ತಾ?’

ಈ ಮೂರು ಪ್ರಶ್ನೆಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯ ಇಡೀ ಕಥೆ ಅಡಗಿದೆ. ಸರ್ಕಾರಿ ಕಾಗದಗಳಲ್ಲಿ ಅದು ಕೆಎಫ್‌ಡಿ, ಜನರ ಬಾಯಲ್ಲಿ ಮಂಗನ ಕಾಯಿಲೆ.

2018ರ ಡಿಸೆಂಬರ್‌ನಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಪಂಚಾಯಿತಿಯ ಹಳ್ಳಿಗಳಲ್ಲಿ ಜ್ವರ ಕಾಣಿಸಿಕೊಂಡಿತು. ಶರಾವತಿ ಕಣಿವೆಯಲ್ಲಿ ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಮನೆ, ಮನೆಯ ಕೆಳಗೆ ಅಡಿಕೆ ತೋಟ, ಮೇಲೆ ಬೆಟ್ಟ. ಕೊನೆ ಕೊಯ್ದು ಅಡಿಕೆ ಸುಲಿಯುವ ಕಾಲ. ಮೊದಮೊದಲು ಮಾಮೂಲಿ ಜ್ವರವೆಂದೇ ಮಾತ್ರೆ ನುಂಗಿದವರು ಎದ್ದು ನಿಲ್ಲಲಾರದೆ ಹಾಸಿಗೆ ಹಿಡಿದರು. ರೋಗಿಗಳನ್ನು ಕರೆದುಕೊಂಡು ಮನೆಯವರು ಘಟ್ಟ ಇಳಿದು ಮಣಿಪಾಲದ ಆಸ್ಪತ್ರೆಗೆ ಓಡಿದರು. ಮಳೆ ಬರುವಷ್ಟರಲ್ಲಿ ಆ ಭಾಗದಲ್ಲಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ರೋಗ ಪತ್ತೆಯಾಗಿ ಅರವತ್ತು ವರ್ಷ ದಾಟಿದ ಮೇಲೆ, ಅದು ಮೊದಲು ಕಾಣಿಸಿದ ಜಿಲ್ಲೆಯಲ್ಲೇ ಇಷ್ಟು ಜನ ಸಾಯಬೇಕಾಯಿತೆಂಬುದು ಸುಲಭಕ್ಕೆ ಅರಗುವ ಸಂಗತಿಯಲ್ಲ.

ಕ್ಯಾಸನೂರು ಎಂಬುದು ಸಾಗರದ ಪಕ್ಕದ ಸೊರಬ ತಾಲ್ಲೂಕಿನ ಕಾಡು. ಅದರ ಅಂಚಿನ ಹಳ್ಳಿಗಳಲ್ಲಿ 1956ರಲ್ಲೇ ವಿಚಿತ್ರ ಜ್ವರದ ಸುದ್ದಿಯಿತ್ತು. ವಿಷಮಶೀತ ಜ್ವರ ಇರಬಹುದೆಂದು ಮೊದಲು ಅಂದುಕೊಂಡರು. 1957ರ ಬೇಸಿಗೆಯ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯುತ್ತಿರುವುದೂ ಗಮನಕ್ಕೆ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಸುದ್ದಿಗೆ ಬೆಚ್ಚಿದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ರೋಗವೆಂದರೆ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ. ಅದು ಏಷ್ಯಾದಲ್ಲಿ ಎಂದೂ ನೆಲೆಯೂರಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಬೇಕಾದಷ್ಟಿತ್ತು. ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕದಲ್ಲೇ ಕೇಂದ್ರದ ನಿರ್ದೇಶಕ ಟೆಲ್ಫೋರ್ಡ್ ವರ್ಕ್ ಮತ್ತು ಸಂಗಡಿಗರು ಮಲೆನಾಡಿಗೆ ಬಂದರು. ಮಂಗನ ದೇಹದಲ್ಲೂ ರೋಗಿಗಳ ರಕ್ತದಲ್ಲೂ ಸಿಕ್ಕ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ಸೈಬೀರಿಯಾದ ಕಾಡುಗಳಲ್ಲಿ ಉಣ್ಣೆಗಳಿಂದ, ಅಂದರೆ ಉಣುಗುಗಳಿಂದ, ಹರಡುವ ಮಿದುಳು ಜ್ವರದ ವೈರಸ್ಸಿಗೆ ಅದು ಹತ್ತಿರದ ಸಂಬಂಧಿಯಾಗಿತ್ತು. ಜಗತ್ತು ಅದುವರೆಗೆ ಕಂಡಿರದ ರೋಗ. ಆ ವರ್ಷ 466 ಜನರಿಗೆ, ಮರುವರ್ಷ 181 ಜನರಿಗೆ ಬಂದದ್ದಾಗಿ ದಾಖಲೆ ಹೇಳುತ್ತದೆ.

ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ? ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳು ಸೋಂಕಿನ ಉಣ್ಣೆಗಳನ್ನು ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿ ಅವರ ನೇತೃತ್ವದಲ್ಲಿ ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕೈಗೊಂಡ, ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನಕ್ಕೆ ಈ ಅನುಮಾನವೂ ಒಂದು ಕಾರಣ. ಹಕ್ಕಿಗಳ ಬಗ್ಗೆ ಅಪಾರ ತಿಳಿವಳಿಕೆ ಸಿಕ್ಕಿತು. ಅವು ಈ ವೈರಸ್ ತಂದವು ಎಂಬುದಕ್ಕೆ ಮಾತ್ರ ಗಟ್ಟಿ ಆಧಾರ ಸಿಗಲಿಲ್ಲ.

ಉತ್ತರ ಇದ್ದದ್ದು ಕಾಲಡಿಯ ತರಗೆಲೆಯಲ್ಲಿ. ಪುಣೆಯ ಕೇಂದ್ರ ಸಾಗರದಲ್ಲೊಂದು ಕ್ಷೇತ್ರ ಠಾಣೆ ತೆರೆದಿತ್ತು. ಕೀಟತಜ್ಞ ಪಿ.ಕೆ. ರಾಜಗೋಪಾಲನ್, ಕೊಲಂಬಿಯಾದಿಂದ ಬಂದ ಜಾರ್ಜ್ ಬೊಶೆಲ್ ಮುಂತಾದವರು ಈ ಕಾಡುಗಳಲ್ಲಿ ವರ್ಷಗಟ್ಟಲೆ ಅಲೆದರು. ಬಟ್ಟೆಯ ತುಂಡನ್ನು ಎಲೆಗಳ ಮೇಲೆ ಮೆಲ್ಲಗೆ ಎಳೆದು, ಅದಕ್ಕೆ ಹತ್ತಿಕೊಂಡ ಉಣುಗುಗಳನ್ನು ಎಣಿಸುವ ಕೆಲಸ. ಹಾಗೆ ಬಯಲಾದ ಮುಖ್ಯ ವಾಹಕದ ಹೆಸರು ಹೀಮಫೈಸಾಲಿಸ್ ಸ್ಪಿನಿಜೆರಾ.

ಈ ಉಣುಗಿನ ಬಾಳು ಮಲೆನಾಡಿನ ಋತುಗಳಿಗೆ ಹೊಂದಿಕೊಂಡೇ ಸಾಗುತ್ತದೆ. ಮಳೆಗಾಲದಲ್ಲಿ ದೊಡ್ಡ ಉಣುಗುಗಳು ದನಕರುಗಳ, ಕಾಡುಪ್ರಾಣಿಗಳ ರಕ್ತ ಕುಡಿದು, ನೆಲಕ್ಕುದುರಿ ಮೊಟ್ಟೆಯಿಡುತ್ತವೆ. ಮಳೆ ಹಿಂದಾಗುವ ಹೊತ್ತಿಗೆ ಹೊರಬರುವ ಮರಿಗಳು ಇಲಿ, ಅಳಿಲು, ಹಕ್ಕಿ, ಮಂಗಗಳಿಗೆ ಹತ್ತುತ್ತವೆ. ಸೋಂಕಿರುವ ಪ್ರಾಣಿಯ ರಕ್ತ ಕುಡಿದ ಮರಿಯೊಳಗೆ ವೈರಸ್ ಸೇರಿತೆಂದರೆ, ಅದು ಪೊರೆ ಕಳಚಿ ಮುಂದಿನ ಹಂತಕ್ಕೆ ಹೋದಾಗಲೂ ಉಳಿದೇ ಇರುತ್ತದೆ. ಎಳ್ಳುಕಾಳಿಗಿಂತ ಚಿಕ್ಕದಾದ ಈ ಎರಡನೆಯ ಹಂತದ ಉಣುಗೇ ಮನುಷ್ಯರಿಗೆ ಅಪಾಯ. ನವೆಂಬರ್, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಕಚ್ಚಿದ್ದು ಬಹಳಷ್ಟು ಮಂದಿಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಮಂಗನ ಪಾತ್ರವೇನು? ಕಪ್ಪು ಮೋರೆಯ ಮುಸಿಯ, ಕೆಂಪು ಮೋರೆಯ ಮಂಗ ಎರಡೂ ಈ ವೈರಸ್ಸಿಗೆ ಬಹುಬೇಗ ಬಲಿಯಾಗುತ್ತವೆ. ಮಂಗ ಸತ್ತು ಮೈ ತಣ್ಣಗಾದಾಗ ಅದಕ್ಕೆ ಅಂಟಿದ್ದ ಉಣುಗುಗಳು ಒಟ್ಟಿಗೆ ಕೆಳಗಿಳಿಯುತ್ತವೆ. ಮರದಡಿಯ ಆ ಜಾಗ ಸೋಂಕಿನ ಗೂಡಾಗುತ್ತದೆ. ಹಾಗೆ ನೋಡಿದರೆ ಮಂಗ ಈ ಕಾಯಿಲೆಯ ಮೊದಲ ರೋಗಿ, ಊರಿಗೆ ಮೊದಲ ಎಚ್ಚರಿಕೆ ಕೊಡುವುದೂ ಅದೇ. ‘ಮಂಗನ ಕಾಯಿಲೆ’ ಎಂಬ ಹೆಸರು ಅದರ ಮೇಲೆ ಹೊರಿಸಿದ ಅಪವಾದ. ಹೆಸರು ಕೇಳಿ ಮಂಗಗಳನ್ನು ಓಡಿಸಿದರೂ, ಕೊಂದರೂ ಅಪಾಯ ಹಾಗೇ ಎಲೆಯಡಿ ಕೂತಿರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದೂ ಇಲ್ಲ. ರೋಗಿಯ ಪಕ್ಕ ಕೂತು ಗಂಜಿ ಕುಡಿಸುವುದಕ್ಕೆ ಯಾರೂ ಹೆದರಬೇಕಿಲ್ಲ.

ಉಣುಗು ಕಚ್ಚಿ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆ. ಮೆಲ್ಲಗೆ ಏರುವ ಜ್ವರವಲ್ಲ ಇದು. ಬೆಳಿಗ್ಗೆ ತೋಟದಲ್ಲಿದ್ದವರು ಸಂಜೆಗೆ ಕಂಬಳಿ ಹೊದ್ದು ನಡುಗುತ್ತಾರೆ. ಹಣೆ ಒಡೆದುಹೋಗುವಂಥ ತಲೆನೋವು, ಸೊಂಟ, ಮೀನಖಂಡಗಳಲ್ಲಿ ಮುಟ್ಟಿದರೆ ಚೀರುವಷ್ಟು ನೋವು, ಕೆಂಪಾದ ಕಣ್ಣು, ವಾಂತಿ, ಭೇದಿ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ, ಮಲದಲ್ಲೂ ರಕ್ತ ಹೋಗಬಹುದು. ರಕ್ತದೊತ್ತಡ ಕುಸಿಯುತ್ತದೆ, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕಡಿಮೆಯಾಗುತ್ತವೆ. ಒಂದೆರಡು ವಾರಗಳಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ನಿಶ್ಶಕ್ತಿ ಮಾತ್ರ ತಿಂಗಳುಗಟ್ಟಲೆ ಕಾಡುತ್ತದೆ. ದಿನಗೂಲಿಯವರಿಗೆ ಈ ತಿಂಗಳುಗಳೆಂದರೆ ಇಡೀ ಕೊಯ್ಲಿನ ಹಂಗಾಮು.

ಮೋಸ ಮಾಡುವುದು ಇದರ ಎರಡನೆಯ ಸುತ್ತು. ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದವರಲ್ಲಿ ಕೆಲವರಿಗೆ ಮತ್ತೆ ಜ್ವರ ಕಾಣಿಸಿಕೊಳ್ಳುತ್ತದೆ. ಈ ಸಲ ಅದು ಮಿದುಳಿನ ಮೇಲೆ ಹೋಗುತ್ತದೆ. ಕತ್ತು ಬಿಗಿಯುವುದು, ಕೈ ನಡುಕ, ಕಣ್ಣು ಮಂಜಾಗುವುದು, ಮಾತು ತಪ್ಪುವುದು ಅದರ ಗುರುತು. ‘ಗುಣವಾಯ್ತಲ್ಲ’ ಎಂದು ಮನೆಯವರು ನಿರಾಳವಾಗಿರುವಾಗಲೇ ಇದು ಬರುವುದರಿಂದ, ಜ್ವರ ಬಿಟ್ಟ ಮೇಲೂ ಎರಡು ಮೂರು ವಾರ ರೋಗಿಯ ಮೇಲೆ ಕಣ್ಣಿಟ್ಟಿರಬೇಕು. ರೋಗ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದು ಸಾಮಾನ್ಯ ಲೆಕ್ಕ.

ಇದೇ ಲಕ್ಷಣಗಳು ಡೆಂಗಿಯಲ್ಲೂ ಇವೆ, ಇಲಿಜ್ವರದಲ್ಲೂ ಇವೆ. ಆದರೆ ಅವೆರಡೂ ಮಲೆನಾಡಿನಲ್ಲಿ ಹೆಚ್ಚಾಗಿ ಮಳೆಯ ಬೆನ್ನಿಗೆ ಬರುವಂಥವು. ಒಣಹವೆಯ ಜನವರಿಯಲ್ಲಿ, ಬೆಟ್ಟಕ್ಕೆ ಹೋಗಿ ಬಂದವರಿಗೆ ಹಠಾತ್ತನೆ ಜ್ವರ ಬಂದರೆ ಮೊದಲ ಅನುಮಾನ ಇದರ ಮೇಲೆಯೇ. ಜ್ವರ ಬಂದ ಮೊದಲ ದಿನಗಳಲ್ಲೇ ತೆಗೆದ ರಕ್ತದಲ್ಲಿ ವೈರಸ್ಸನ್ನು ಆರ್‌ಟಿ-ಪಿಸಿಆರ್ ಪರೀಕ್ಷೆಯಿಂದ ಗುರುತಿಸಬಹುದು. ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ದೇಹದ ನೀರಿನಂಶ, ರಕ್ತದೊತ್ತಡ, ಪ್ಲೇಟ್‌ಲೆಟ್‌ಗಳನ್ನು ಕಾಯುತ್ತಾ ರೋಗಿಯನ್ನು ದಾಟಿಸುವುದೇ ಚಿಕಿತ್ಸೆ. ಮೈಕೈ ನೋವಿಗೆಂದು ಅಂಗಡಿಯಿಂದ ಸಿಕ್ಕಿದ ನೋವಿನ ಮಾತ್ರೆ ತಂದು ನುಂಗುವುದು ರಕ್ತಸ್ರಾವಕ್ಕೆ ದಾರಿಯಾಗಬಹುದು. ಬೇಗ ಬಂದವರು ಉಳಿಯುತ್ತಾರೆ ಎಂದು ವೈದ್ಯರು ಮತ್ತೆ ಮತ್ತೆ ಹೇಳುವುದು ಇದೇ ಕಾರಣಕ್ಕೆ.

‘ಕಾಡಿಗೆ ಹೋಗಬೇಡಿ’ ಎಂಬ ಸಲಹೆ ಪ್ರತಿ ವರ್ಷ ಬರುತ್ತದೆ. ಹೇಳುವುದು ಸುಲಭ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಕೊಟ್ಟಿಗೆಯಲ್ಲಿ ಹಾಸುವ ಸೊಪ್ಪು ಬೇಕು, ಬೇಸಿಗೆಯಲ್ಲಿ ದರಕು, ಅಂದರೆ ಒಣಗಿದ ತರಗೆಲೆ ಬೇಕು. ಅದಕ್ಕೆಂದೇ ಇರುವುದು ಸೊಪ್ಪಿನಬೆಟ್ಟ. ಸೌದೆ, ಸೀಗೆಕಾಯಿ, ಅಪ್ಪೆಮಿಡಿ ಎಲ್ಲವೂ ಅಲ್ಲಿಂದಲೇ, ಅದೂ ಇದೇ ತಿಂಗಳುಗಳಲ್ಲಿ. ದರಕು ಗುಡಿಸಿ ಬುಟ್ಟಿ ತುಂಬಿ ತಲೆಮೇಲೆ ಹೊತ್ತು ತರುವ ಹೆಣ್ಣಾಳಿಗೆ ಉಣುಗು ಹುಡುಕಿಕೊಂಡು ಬರಬೇಕಿಲ್ಲ, ಎಲೆಯ ಜೊತೆ ಅವಳೇ ಅದನ್ನು ಮನೆಗೆ ತರುತ್ತಾಳೆ. ಕಾಡಿಗೆ ಹೋಗದ ಅಜ್ಜಿಗೂ ಮಗುವಿಗೂ ರೋಗ ಬರುವುದು ಅಂಗಳದಲ್ಲಿ ಪೇರಿಸಿಟ್ಟ ಆ ರಾಶಿಯಿಂದ, ಅಥವಾ ಮೇದು ಬಂದ ದನದ ಮೈಯಿಂದ ಉದುರಿದ ಉಣುಗಿನಿಂದ. ಆದ್ದರಿಂದ ಬದುಕಿಗೆ ಒಗ್ಗುವ ಸಲಹೆಗಳೇ ಇಲ್ಲಿ ಬೇಕಾದವು: ರಾಶಿ ಮನೆಯಿಂದ ದೂರವಿರಲಿ, ಅದರ ಮೇಲೆ ಕೂರುವುದು ಬೇಡ, ದನಗಳಿಗೆ ಪಶುವೈದ್ಯರು ಕೊಡುವ ಉಣ್ಣೆ ನಿವಾರಕ ಹಚ್ಚಬೇಕು. ಬೆಟ್ಟಕ್ಕೆ ಹೊರಡುವ ಮುಂಚೆ ಕೈಕಾಲು ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಬಳಿದುಕೊಳ್ಳಬೇಕು. ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ, ತೊಟ್ಟ ಬಟ್ಟೆಯೂ ಬಿಸಿನೀರಿಗೆ.

ಕಾಡು ಕಡಿದಲ್ಲಿ ಈ ರೋಗ ಕಡಿಮೆಯಾಗಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಆಗಿರುವುದು ತಿರುವುಮುರುವು. ಕಾಡು ತೆರವಾಗಿ, ಪೊದೆ ಎದ್ದು, ದನ ಮೇಯಲು ಹೋದಲ್ಲಿ ಉಣುಗು ಹೆಚ್ಚುತ್ತದೆ ಎಂದು ಬೊಶೆಲ್ 1969ರಲ್ಲೇ ಬರೆದಿದ್ದರು. ಹದಿಮೂರು ವರ್ಷಗಳ ನಂತರ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿಯಲಾಯಿತು. 1982ರ ಕೊನೆಗೆ ಅಲ್ಲಿ ಆರಂಭವಾದ ಹಾವಳಿಯಲ್ಲಿ 1,555 ಜನರಿಗೆ ರೋಗ ಬಂತು, 150 ಮಂದಿ ಸತ್ತರು. 2012ರಲ್ಲಿ ಬಂಡೀಪುರ, ಮುಂದೆ ಕೇರಳದ ವಯನಾಡು, 2015ರಲ್ಲಿ ಗೋವಾ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಸೊರಬದ ಒಂದು ಕಾಡಿನ ಹೆಸರು ಈಗ ಪಶ್ಚಿಮಘಟ್ಟದ ಉದ್ದಕ್ಕೂ ಓಡಾಡುತ್ತಿದೆ.

ಲಸಿಕೆ ಇರಲಿಲ್ಲವೇ? ಇತ್ತು. ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಅದನ್ನು ನಿಷ್ಕ್ರಿಯಗೊಳಿಸಿ ತಯಾರಿಸುತ್ತಿದ್ದ ಲಸಿಕೆ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಿಂದ ಬರುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರೆಂಟು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದಾಗ ಎರಡು ಡೋಸ್‌ಗಳಿಂದ ಶೇ 62.4, ಬೂಸ್ಟರ್ ಸೇರಿದರೆ ಶೇ 82.9ರಷ್ಟು ರಕ್ಷಣೆ ಕಂಡಿತ್ತು. ಒಂದೇ ಡೋಸ್‌ನಿಂದ ಪ್ರಯೋಜನವಿರಲಿಲ್ಲ. ಸೂಜಿ ಚುಚ್ಚಿದ ಜಾಗ ವಿಪರೀತ ನೋಯುತ್ತಿದ್ದುದರಿಂದ ಒಮ್ಮೆ ಹಾಕಿಸಿಕೊಂಡವರು ಮತ್ತೆ ಬರಲು ಹಿಂಜರಿಯುತ್ತಿದ್ದರು. ಹಿಂದಿನ ವರ್ಷ ರೋಗ ಕಂಡ ಊರಿನ ಸುತ್ತ ಐದು ಕಿಲೋಮೀಟರಿಗೆ ಲಸಿಕೆ ಹಾಕುವುದು ಪದ್ಧತಿಯಾಗಿತ್ತು. ಉಣುಗು, ಮಂಗಗಳಿಗೆ ಆ ಗೆರೆ ಗೊತ್ತಿಲ್ಲ. 2013–14ರಲ್ಲಿ ತೀರ್ಥಹಳ್ಳಿಯ ಕಡೆ ಹೆಚ್ಚಿದ ರೋಗ ಐದು ವರ್ಷಕ್ಕೆ ಸಾಗರದ ಕಾಡಿನಲ್ಲಿ ಭುಗಿಲೆದ್ದಿತು. ಕೊನೆಗೆ ಲಸಿಕೆಯ ಶಕ್ತಿಯೇ ಸಾಲದೆಂದು 2022ರ ಹೊತ್ತಿಗೆ ಅದನ್ನು ಕೊಡುವುದೂ ನಿಂತಿತು. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ, ಇನ್ನೂ ಇಪ್ಪತ್ತು ತುಂಬದ ಯುವತಿಯೊಬ್ಬಳು ತೀರಿಕೊಂಡಾಗ ಊರಿನವರಿಗೆ ಕೊಡಲು ಇದ್ದದ್ದು ತೈಲದ ಬಾಟಲಿ ಮಾತ್ರ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಸೇರಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯ ಕೆಲಸ ನಡೆಸಿದೆ. ಲಸಿಕೆಯೊಂದು ಹಂತಹಂತದ ಪರೀಕ್ಷೆ ದಾಟಬೇಕು, ಅವಸರ ಸಲ್ಲದು ಎಂಬುದು ನಿಜ. ಆದರೆ ನಗರದಲ್ಲಿ ಬರುವ ರೋಗವಾಗಿದ್ದರೆ ಹಳೆಯದು ಸೋಲುತ್ತಿದೆ ಎಂದು ಗೊತ್ತಾದ ದಿನವೇ ಹೊಸದರ ಕೆಲಸ ಶುರುವಾಗುತ್ತಿರಲಿಲ್ಲವೇ ಎಂದು ಮಲೆನಾಡಿನವರು ಕೇಳಿದರೆ ಅದರಲ್ಲಿ ತಪ್ಪೇನಿಲ್ಲ.

ಸದ್ಯಕ್ಕೆ ಊರಿನ ಕಾವಲು ಊರಿನವರ ಕಣ್ಣಿನಲ್ಲೇ ಇದೆ. ತೋಟಕ್ಕೆ ಹೋದವರಿಗೋ ದನ ಅಟ್ಟಿಕೊಂಡು ಹೋದ ಹುಡುಗನಿಗೋ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ಅಥವಾ ಪಂಚಾಯಿತಿಗೆ ತಿಳಿಸಬೇಕು. ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ, ಅಂಗಾಂಶದ ಮಾದರಿ ಪ್ರಯೋಗಾಲಯಕ್ಕೆ ಕಳಿಸಿ, ಕಳೇಬರ ಸುಡಿಸುತ್ತಾರೆ. ಸುತ್ತ ಮೆಲಾಥಿಯಾನ್ ಪುಡಿ ಎರಚಿ, ಆ ಕಡೆ ಯಾರೂ ಸುಳಿಯದಂತೆ ಹೇಳುತ್ತಾರೆ. ಈ ಕೆಲಸ ಮೊದಲ ದಿನವೇ ನಡೆದರೆ ಒಂದು ಹಳ್ಳಿಯ ಜ್ವರ ತಪ್ಪಬಹುದು. ವಾಸನೆ ಬಂದ ಮೇಲೆ ಸುದ್ದಿ ಮುಟ್ಟಿದರೆ ಉಣುಗುಗಳು ಆಗಲೇ ಎಲೆಯಡಿ ಸೇರಿರುತ್ತವೆ.

ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಜ್ವರ ಇಳಿಯುತ್ತದೆ, ಕರಪತ್ರಗಳೂ ನಿಲ್ಲುತ್ತವೆ. ಆದರೆ ದನಗಳ ಕಿವಿಯಲ್ಲಿ, ಗಂಗೆದೊಗಲಿನ ಮಡಿಕೆಯಲ್ಲಿ ದೊಡ್ಡ ಉಣುಗುಗಳು ರಕ್ತ ಕುಡಿದು ಉಬ್ಬುವುದು ಆಗಲೇ. ಕೊಟ್ಟಿಗೆಗೆ ಔಷಧ ಹೊಡೆಸುವ ಕೆಲಸ ಆಗ ನಡೆಯದಿದ್ದರೆ, ಗದ್ದೆಯಲ್ಲಿ ಭತ್ತ ತೆನೆ ಬಿಡುವ ಹೊತ್ತಿಗೆ ಮೊಟ್ಟೆಯೊಡೆದ ಸಾವಿರಾರು ಮರಿಗಳು ಬೆಟ್ಟದ ಹುಲ್ಲಿನ ತುದಿಗೆ ಹತ್ತಿ ಕಾಯುತ್ತಿರುತ್ತವೆ.