ಅಜ್ಜಿಯ ಹೆಸರು

ಮತದಾರರ ಪಟ್ಟಿಯೆಂದರೆ ಏನು, ಅದರಲ್ಲಿ ಹೆಸರಿರುವುದು ಏಕೆ ಮುಖ್ಯ ಎಂಬುದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಎಂಟು ವರ್ಷದ ಬಾಲಕರಾಗಿದ್ದಾಗ ಅಜ್ಜಿಯ ಕೈಹಿಡಿದು ನಡೆದು ಕಲಿತೆವು. ಅದು 1952ರ ಜನವರಿ ತಿಂಗಳು. ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಯ ಕಾಲ. ಆಗ ನಮ್ಮ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೇರಳಕ್ಕೆ ಸೇರಿದುದು 1956ರ ನವೆಂಬರ್ 1ರಂದು.

1951ರ ಅಕ್ಟೋಬರ್ 25ರಿಂದ 1952ರ ಫೆಬ್ರವರಿ 21ರ ವರೆಗೆ ನಡೆದ ಆ ಚುನಾವಣೆಯಲ್ಲಿ ಮತದಾರರ ಸಂಖ್ಯೆ 17 ಕೋಟಿಗೂ ಮಿಕ್ಕಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ಆಸ್ತಿ, ತೆರಿಗೆ, ವಿದ್ಯೆಗಳ ಆಧಾರದ ಮೇಲೆ ಕೆಲವರಿಗೆ ಮಾತ್ರ ದೊರೆತಿದ್ದ ಹಕ್ಕು ಈಗ 21 ವರ್ಷ ತುಂಬಿದ ಸ್ತ್ರೀಪುರುಷರೆಲ್ಲರದಾಯಿತು. ಆದರೆ 1951ರ ಜನಗಣತಿಯಂತೆ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ ಮಾತ್ರ. ಓದಲಾರದವರು ಮತ ನೀಡುವುದು ಹೇಗೆ? ಅದಕ್ಕಾಗಿ ಜೋಡೆತ್ತು, ಗುಡಿಸಲು, ಮರ ಮೊದಲಾದ ಚಿಹ್ನೆಗಳು ಬಂದವು. ಅಭ್ಯರ್ಥಿಗೊಂದರಂತೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಮರೆಯೊಳಗೆ ಹೋಗಿ, ಮೆಚ್ಚಿದ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಿದರಾಯಿತು, ಏನನ್ನೂ ಬರೆಯಬೇಕಾಗಿರಲಿಲ್ಲ.

ಆದರೆ ಪಟ್ಟಿಗೆ ಮಾತ್ರ ಹೆಸರು ಬೇಕೇ ಬೇಕಿತ್ತು. ಉತ್ತರ ಭಾರತದ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲೊಪ್ಪದೆ ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ; ಸ್ವಂತ ಹೆಸರನ್ನು ತಿಳಿಸಲು ಅವಕಾಶ ನೀಡಲಾಯಿತು. ಆದರೂ ತಿಳಿಸದೆ ಉಳಿದ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗಾದರು. ಹಕ್ಕಿತ್ತು, ಹೆಸರಿರಲಿಲ್ಲ.

ನಮ್ಮ ಮನೆಯಲ್ಲಿಯೂ ಅಜ್ಜಿಯನ್ನು ಯಾರೂ ಹೆಸರಿಟ್ಟು ಕರೆದುದಿಲ್ಲ. ತಂದೆಯವರಿಗೆ ಅಮ್ಮ, ಊರವರಿಗೆ ದೊಡ್ಡಮ್ಮ, ನಮಗೆ ಅಜ್ಜಿ. ನಾವು ಓದುತ್ತಿದ್ದ ಶಾಲೆಯೇ ಅಂದು ಮತಗಟ್ಟೆಯಾಗಿತ್ತು. ಹೆಂಗಸರ ಸಾಲಿನಲ್ಲಿ ಅಜ್ಜಿಯೊಡನೆ ಬಾಗಿಲ ವರೆಗೆ ಹೋದೆವು. ಒಳಗಿದ್ದ ಗುಮಾಸ್ತರು ಪಟ್ಟಿಯನ್ನು ನೋಡಿ ಗಟ್ಟಿಯಾಗಿ ಒಂದು ಹೆಸರನ್ನು ಓದಿದರು. ಅಜ್ಜಿ, "ಹೌದು, ನಾನೇ" ಎಂದರು. ಅವರಿಗೊಂದು ಹೆಸರಿದೆಯೆಂದು ನಮಗೆ ತಿಳಿದುದೇ ಆಗ! ಮರಳಿ ಬರುವಾಗ ಬೆರಳಿನ ಶಾಯಿಯನ್ನು ತೋರಿಸಿದರು. ಯಾವ ಪೆಟ್ಟಿಗೆಗೆ ಹಾಕಿದಿರೆಂದು ಕೇಳಿದರೆ, "ಅದನ್ನು ಕೇಳಬಾರದು ಮಗಾ" ಎಂದುಬಿಟ್ಟರು. ಗುಪ್ತ ಮತದಾನದ ಪಾಠವೂ ಅಲ್ಲಿಗೆ ಮುಗಿಯಿತು.

ಇಂದು ಪೆಟ್ಟಿಗೆಗಳ ಸ್ಥಾನದಲ್ಲಿ ಮತಯಂತ್ರವಿದೆ. 1989ರಿಂದ ಮತದಾನದ ವಯಸ್ಸು 18ಕ್ಕೆ ಇಳಿದಿದೆ. ಆದರೆ ಪಟ್ಟಿಯ ನಿಯಮ ಬದಲಾಗಿಲ್ಲ: ಅಲ್ಲಿ ಹೆಸರಿಲ್ಲದವರಿಗೆ ಮತವಿಲ್ಲ. ವಿದ್ಯಾರ್ಥಿಗಳೇ, 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಸಲ್ಲಿಸಬಹುದು. 18 ತುಂಬಿದ ಮೇಲೆ ಹೆಸರು ಸೇರುವುದು. ತಾಯ್ತಂದೆಗಳೇ, ಗಡಿನಾಡಿನಲ್ಲಿ ನಮ್ಮ ಹೆಸರುಗಳು ಒಂದು ಲಿಪಿಯಿಂದ ಇನ್ನೊಂದಕ್ಕೆ ಹೋಗುವಾಗ ಅಕ್ಷರ ತಪ್ಪುವುದುಂಟು. ಪಟ್ಟಿ ಪ್ರಕಟವಾದಾಗ ಮಕ್ಕಳಿಂದಲೇ ಅದನ್ನು ಓದಿಸಿರಿ. ಮನೆಯ ಹಿರಿಯರ ಹೆಸರನ್ನು ಅವರು ಅಲ್ಲಿ ಹುಡುಕಲಿ, ತಪ್ಪಿದ್ದರೆ ತಿದ್ದಿಸಲಿ. ಮತ ನೀಡುವ ವಯಸ್ಸು ಬರುವ ಮೊದಲೇ ಮಗುವೊಂದು ಮಾಡಬಹುದಾದ ದೇಶಸೇವೆ ಇದು.