ಹೆಸರು ಹೊತ್ತವರ ಹೊಣೆ

ಜೈನರು ದಿನವೂ ಪಠಿಸುವ ಪಂಚನಮಸ್ಕಾರ ಮಂತ್ರದಲ್ಲಿ ಯಾವ ವ್ಯಕ್ತಿಯ ಹೆಸರೂ ಇಲ್ಲ. ಆದಿತೀರ್ಥಂಕರ ವೃಷಭನಾಥರ ಹೆಸರಿಲ್ಲ, ಮಹಾವೀರರದೂ ಇಲ್ಲ. ಅರಿಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು ಎಂಬ ಐದು ಪದವಿಗಳಿಗೆ ಅಲ್ಲಿ ವಂದನೆ ಸಲ್ಲುತ್ತದೆ. ಗುಣವೇ ವಂದನೀಯವೆಂಬುದು ಇದರ ತಾತ್ಪರ್ಯ. ಹಾಗಾದರೆ ನಾವು ಹೊತ್ತಿರುವ ಹೆಸರು, ಅಡ್ಡಹೆಸರುಗಳಿಗೆ ಬೆಲೆಯೇನು?

ಆಚಾರ್ಯ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ. ಗುಣವನ್ನು ಪರಿಗಣಿಸದೆ ವ್ಯವಹಾರಕ್ಕಾಗಿ ಹೆಸರಿಡುವುದು ನಾಮನಿಕ್ಷೇಪ. ತೊಟ್ಟಿಲ ಕೂಸನ್ನು ‘ವೀರ’ನೆಂದು ಕರೆಯುವುದು ಹೀಗೆ. ಹೆಸರು ಸೂಚಿಸುವ ಗುಣ ಆ ವ್ಯಕ್ತಿಯಲ್ಲಿ ಈಗ ಪ್ರಕಟವಾಗಿದ್ದರೆ ಅದು ಭಾವನಿಕ್ಷೇಪ. ನಾಮದಿಂದ ಭಾವದವರೆಗಿನ ದಾರಿಯನ್ನು ಹೆಸರಿಟ್ಟುಕೊಂಡವನೇ ನಡೆಯಬೇಕು.

ನಮ್ಮ ನಾಡಿನ ಜೈನ ಮನೆತನಗಳ ಹೆಸರುಗಳನ್ನು ಈ ದೃಷ್ಟಿಯಿಂದ ನೋಡಬಹುದು. ತುಳುನಾಡಿನ ಬಸದಿಗಳ ಪುರೋಹಿತರಿಗೆ ‘ಇಂದ್ರ’ರೆಂಬ ಹೆಸರಿದೆ. ಮೇರುಗಿರಿಯಲ್ಲಿ ಜಿನಶಿಶುವಿಗೆ ಜನ್ಮಾಭಿಷೇಕ ನೆರವೇರಿಸಿದವನು ಸೌಧರ್ಮೇಂದ್ರ. ಅಭಿಷೇಕದ ವೇಳೆ ಪುರೋಹಿತನು ನಿಲ್ಲುವುದು ಆ ಇಂದ್ರನ ಸ್ಥಾನದಲ್ಲಿ. ಉತ್ತರ ಕರ್ನಾಟಕದ ‘ಉಪಾಧ್ಯೆ’ ಎಂಬುದು ‘ಉಪಾಧ್ಯಾಯ’ದ ರೂಪ, ಶಾಸ್ತ್ರವನ್ನು ಓದಿ ಓದಿಸುವುದು ಅದರ ಅರ್ಥ. ‘ಪಾಟೀಲ’ ಊರಿನ ಮುಖ್ಯಸ್ಥ. ‘ಹೆಗ್ಗಡೆ’ ಹಳಗನ್ನಡದ ‘ಪೆರ್ಗಡೆ’, ಅಧಿಕಾರಿ. ಇವೆಲ್ಲ ಮೊದಲು ಕರ್ತವ್ಯದ ಹೆಸರುಗಳು. ಕರ್ತವ್ಯ ಮರೆತು ಪ್ರತಿಷ್ಠೆ ಮಾತ್ರ ಉಳಿದಾಗ ಹೆಸರು ಬರಿಯ ನಾಮನಿಕ್ಷೇಪಕ್ಕೆ ಇಳಿಯುತ್ತದೆ.

ಪ್ರತಿಷ್ಠೆಯ ಪರಿಣಾಮವನ್ನೂ ಅದೇ ಸೂತ್ರಗ್ರಂಥ ತಿಳಿಸುತ್ತದೆ. ಪರನಿಂದೆ, ಆತ್ಮಪ್ರಶಂಸೆ, ಇತರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿ ಇಲ್ಲದ ಗುಣವನ್ನು ಮೆರೆಸುವುದು ಇವು ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣ. ಇದಕ್ಕೆ ವಿರುದ್ಧವಾದ ನಡೆ ಮತ್ತು ವಿನಯದಿಂದ ಉಚ್ಚಗೋತ್ರ. ಕುಲದ ಹಿರಿಮೆಯನ್ನು ಕೊಚ್ಚಿಕೊಳ್ಳುವವನು ಆ ಹಿರಿಮೆಯನ್ನೇ ಕಳೆದುಕೊಳ್ಳುವ ಕರ್ಮವನ್ನು ಕಟ್ಟಿಕೊಳ್ಳುತ್ತಾನೆ!

ಮುನಿದೀಕ್ಷೆಯಲ್ಲಿ ಮನೆ, ವಸ್ತ್ರಗಳೊಡನೆ ಮನೆತನದ ಹೆಸರೂ ಕಳಚುತ್ತದೆ. ಬೆಳಗಾವಿ ಸೀಮೆಯ ಭೋಜ ಗ್ರಾಮದ ಸಾತಗೌಡ ಪಾಟೀಲರು ಆಚಾರ್ಯ ಶಾಂತಿಸಾಗರರಾದರು. ಸದಲಗಾದಲ್ಲಿ 1946ರಲ್ಲಿ ಜನಿಸಿದ ವಿದ್ಯಾಧರರು 1968ರಲ್ಲಿ ಅಜ್ಮೀರದಲ್ಲಿ ದೀಕ್ಷೆ ಪಡೆದು ವಿದ್ಯಾಸಾಗರರಾದರು. ಹೊಸ ಹೆಸರಿನಲ್ಲಿ ಊರಿಲ್ಲ, ವಂಶವಿಲ್ಲ. ಸಾಧಿಸಬೇಕಾದ ಗುಣವಷ್ಟೇ ಇದೆ.

ಗೃಹಸ್ಥನು ಹೆಸರನ್ನು ತೊರೆಯಬೇಕಾಗಿಲ್ಲ. ಆದರೆ ಜಿನದತ್ತನೆಂದು ಕರೆಸಿಕೊಳ್ಳುವವನ ಮಾತಿನಲ್ಲಿ ಅಹಿಂಸೆಯಿರಲಿ, ಸನ್ಮತಿಯೆಂಬ ಹೆಸರಿನವನ ವ್ಯವಹಾರದಲ್ಲಿ ವಿವೇಕವಿರಲಿ. ಹೆಸರನ್ನು ಹಿರಿಯರು ಇಡುತ್ತಾರೆ. ಅದಕ್ಕೆ ಅರ್ಥ ತುಂಬುವುದು ನಮ್ಮ ನಡತೆ.