ಹೊಗೆ ಕಾಣದ ಹಂಡೆ

ಜನವರಿಯ ಬೆಳಗ್ಗೆ ಆರೂವರೆ. ಹೊರಗೆ ಇನ್ನೂ ಕಗ್ಗತ್ತಲು. ಬೀದಿಯ ಕಾರುಗಳ ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಲಂಡನ್ನಿಗೆ ಪಶ್ಚಿಮದಲ್ಲಿರುವ ರೆಡಿಂಗ್‌ ಊರಿನ ನಮ್ಮ ಮನೆಯಲ್ಲಿ ಅಮ್ಮ ಸ್ವೆಟರಿನ ಮೇಲೆ ಶಾಲು ಹೊದ್ದು ಅಡುಗೆಮನೆಗೆ ಬಂದಳು. "ನಲ್ಲೀಲಿ ಬಿಸಿನೀರೇ ಬರ್ತಿಲ್ವಲ್ಲೇ. ಆ ಪೆಟ್ಟಿಗೆ ಮತ್ತೆ ಮುನಿಸ್ಕೊಂಡಿದೆ ನೋಡು."

ಪೆಟ್ಟಿಗೆ ಅಂದರೆ ಗೋಡೆಗೆ ನೇತುಹಾಕಿದ ಗ್ಯಾಸ್ ಬಾಯ್ಲರ್. ವಯಸ್ಸು ಹದಿನಾಲ್ಕು. ಅದರ ಹೊಟ್ಟೆಯ ಮೇಲಿನ ಗೇಜಿನಲ್ಲಿ ಮುಳ್ಳು ಸೊನ್ನೆಗೆ ಬಿದ್ದಿತ್ತು. ಒಂದು ತಿಂಗಳಿಂದ ಮಾಡುತ್ತಿದ್ದುದನ್ನೇ ಮಾಡಿದೆ. ಕೆಳಗಿನ ಪುಟ್ಟ ನಲ್ಲಿ ತಿರುಗಿಸಿದೆ, ಸುಯ್ಯೆಂದು ನೀರು ನುಗ್ಗಿತು, ಮುಳ್ಳು ಒಂದೂವರೆಗೆ ಏರಿತು. ಗುಂಡಿ ಒತ್ತಿದೆ, ಒಳಗೆ ಬೆಂಕಿ ಹೊತ್ತಿಕೊಂಡಿತು. ಮೊದಮೊದಲು ವಾರಕ್ಕೊಮ್ಮೆ ಇದ್ದ ಈ ಸೇವೆ ಈಗ ದಿನಾ ಆಗಿತ್ತು.

"ತೂತು ಕೊಡಕ್ಕೆ ನೀರು ಹೊಯ್ದ ಹಾಗಾಯ್ತು" ಅಂದಳು ಅಮ್ಮ. ಅವಳು ತೀರ್ಥಹಳ್ಳಿಯವಳು. ಬಚ್ಚಲೊಲೆಯ ಮುಂದೆ ಕೂತು ಹಂಡೆ ಕಾಯಿಸಿದವಳಿಗೆ ನೀರು ಕಾಯದಿದ್ದರೆ ಸೌದೆ ಹಸಿಯೋ ಒಲೆ ಕಟ್ಟಿದೆಯೋ ಎಂದು ಹೊಗೆ ನೋಡಿಯೇ ಗೊತ್ತಾಗುತ್ತಿತ್ತು. ಇಲ್ಲಿ ನೋಡಲು ಹೊಗೆಯೇ ಇಲ್ಲ.

ಹಿಗ್ಗುವ ನೀರಿಗೊಂದು ಜಾಗ

ಬ್ರಿಟನ್ನಿನಲ್ಲಿ ಎರಡು ಕೋಟಿಗೂ ಹೆಚ್ಚು ಮನೆಗಳಿಗೆ ಕೊಳವೆಯಲ್ಲಿ ಗ್ಯಾಸ್ ಬರುತ್ತದೆ. ಸ್ನಾನದ ನೀರು ಕಾಯುವುದೂ ಕೋಣೆಗಳು ಬೆಚ್ಚಗಾಗುವುದೂ ಹೆಚ್ಚಿನ ಮನೆಗಳಲ್ಲಿ ಒಂದೇ ಬಾಯ್ಲರಿನಿಂದ. ಪ್ರತಿ ಕೋಣೆಯ ಗೋಡೆಗೂ ಒಂದೊಂದು ರೇಡಿಯೇಟರ್. ಕಾದ ನೀರು ಅವನ್ನೆಲ್ಲ ಸುತ್ತಿ ತಣ್ಣಗಾಗಿ ಮರಳುತ್ತದೆ, ಮತ್ತೆ ಕಾದು ಹೊರಡುತ್ತದೆ. ಹೊರಗಿನ ಗಾಳಿ ಸೋಕದ ಮುಚ್ಚಿದ ಸುತ್ತು ಅದು. ತಣ್ಣಗಿದ್ದಾಗ ಅದರ ಒತ್ತಡ 1ರಿಂದ 1.5 ಬಾರ್ ಇರಬೇಕು.

ಆದರೆ ನೀರು ಕಾದರೆ ಹಿಗ್ಗುತ್ತದೆ. ತಣ್ಣೀರು 80 ಡಿಗ್ರಿಗೆ ಕಾದರೆ 100 ಲೀಟರಿಗೆ ಹತ್ತಿರ ಹತ್ತಿರ 3 ಲೀಟರ್ ಹೆಚ್ಚುತ್ತದೆ. ಮುಚ್ಚಿದ ಸುತ್ತಿನಲ್ಲಿ ಆ ಮೂರು ಲೀಟರ್ ಎಲ್ಲಿಗೆ ಹೋಗಬೇಕು? ಅದಕ್ಕೆಂದೇ ಒಂದು ಲೋಹದ ಡಬ್ಬಿ ಇದೆ, ಎಕ್ಸ್‌ಪ್ಯಾನ್ಷನ್ ವೆಸೆಲ್. ಒಳಗೆ ಅಡ್ಡಲಾಗಿ ರಬ್ಬರಿನ ಪರದೆ. ಒಂದು ಕಡೆ ನೀರು, ಇನ್ನೊಂದು ಕಡೆ ಪಂಪು ಹೊಡೆದು ತುಂಬಿದ ಗಾಳಿ. ನೀರು ಹಿಗ್ಗಿದಾಗ ಗಾಳಿ ಕುಗ್ಗಿ ಜಾಗ ಬಿಡುತ್ತದೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಟೂಲ್ ಬಾಕ್ಸ್ ಹಿಡಿದ ಎಂಜಿನಿಯರ್

ಮೊದಲು ಬಂದವನು ಪರಿಚಯದವರು ಹೇಳಿದ್ದ ಯಾರೋ ಒಬ್ಬ. ಬಾಯ್ಲರಿನ ಪರದೆಯ ಮೇಲಿನ ಕೋಡ್ ನೋಡಿದ, ಮುಖ ಸಿಂಡರಿಸಿದ, "ಸರ್ಕ್ಯೂಟ್ ಬೋರ್ಡ್ ಹೋಗಿದೆ, ನಾನೂರು ಪೌಂಡ್ ಆಗುತ್ತೆ" ಅಂದ. ಒಂದು ಸ್ಕ್ರೂ ಸಹ ಬಿಚ್ಚಿರಲಿಲ್ಲ. ಗ್ಯಾಸ್ ಕೆಲಸದ ಪರವಾನಗಿ ಕಾರ್ಡ್ ತೋರಿಸಿ ಅಂದೆ. ವ್ಯಾನಿನಲ್ಲಿದೆ ಅಂದ. ತರಲು ಹೋದವನು ಹಾಗೇ ಹೋದ.

ಆ ಕಾರ್ಡಿಗೆ ಒಂದು ಕಥೆಯಿದೆ. 1968ರ ಮೇ 16ರ ಬೆಳಗ್ಗೆ ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ 18ನೇ ಮಹಡಿಯಲ್ಲಿ ಮಹಿಳೆಯೊಬ್ಬರು ಚಹಾಕ್ಕೆ ನೀರಿಡಲು ಬೆಂಕಿಕಡ್ಡಿ ಗೀರಿದರು. ಸೋರಿ ತುಂಬಿದ್ದ ಗ್ಯಾಸ್ ಸ್ಫೋಟಿಸಿ ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಕುಸಿಯಿತು. ನಾಲ್ವರು ಸತ್ತರು. ಕಡ್ಡಿ ಗೀರಿದವರು ಬದುಕಿದರು. ವಿಚಾರಣೆಯಲ್ಲಿ ಸಿಕ್ಕಿಬಿದ್ದದ್ದು ಒಲೆಗೆ ಗ್ಯಾಸ್ ಜೋಡಿಸಿದ್ದ ಒಂದು ಕಳಪೆ ನಟ್ಟು.

ಗ್ಯಾಸ್ ಕೆಲಸದವರನ್ನು ನೋಂದಾಯಿಸುವ ಕಾರ್ಗಿ ಸಂಸ್ಥೆ ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ, 1970ರಲ್ಲಿ. 1991ರಲ್ಲಿ ನೋಂದಣಿ ಕಡ್ಡಾಯವಾಯಿತು. 2009ರ ಏಪ್ರಿಲ್ 1ರಿಂದ ಆ ಜಾಗದಲ್ಲಿ ಗ್ಯಾಸ್ ಸೇಫ್ ರಿಜಿಸ್ಟರ್ ಇದೆ. ಅದರಲ್ಲಿ ಹೆಸರಿಲ್ಲದವರು ದುಡ್ಡು ತೆಗೆದುಕೊಂಡು ಬಾಯ್ಲರ್ ಬಿಚ್ಚುವುದು ಅಪರಾಧ. ಕಾರ್ಡಿನ ಮುಂಭಾಗದಲ್ಲಿ ಫೋಟೊ, ಲೈಸೆನ್ಸ್ ಸಂಖ್ಯೆ, ಅವಧಿ ಮುಗಿಯುವ ದಿನ. ಓದಬೇಕಾದದ್ದು ಹಿಂಬದಿ. ಆತ ಯಾವ ಯಾವ ಕೆಲಸಕ್ಕೆ ಅರ್ಹ ಎಂಬ ಪಟ್ಟಿ ಇರುವುದು ಅಲ್ಲಿ. ಒಲೆಗೆ ಅರ್ಹನಾದವನು ಬಾಯ್ಲರಿಗೂ ಅರ್ಹನೆಂದೇನಿಲ್ಲ. ಪ್ರತಿ ಐದು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು.

ಎರಡನೆಯವರನ್ನು ಆ ಪಟ್ಟಿಯಲ್ಲೇ ಹುಡುಕಿ ಕರೆದೆ. ಐವತ್ತು ದಾಟಿದ ಮನುಷ್ಯ, ಮೊಣಕಾಲಿಗೆ ಪ್ಯಾಡ್, ಕೈಯಲ್ಲಿ ಟೂಲ್ ಬಾಕ್ಸ್. ಅಮ್ಮ ನನ್ನ ಕಿವಿಯಲ್ಲಿ, "ಎಂಜಿನಿಯರ್ ಬರ್ತಾರೆ ಅಂದ್ಯಲ್ಲ, ಎಲ್ಲಿ?" ಸಿಇಟಿ ಬರೆದು ಸೀಟು ಹಿಡಿದವರನ್ನಷ್ಟೇ ಎಂಜಿನಿಯರ್ ಅನ್ನುವ ನಮಗೆ ಇದು ಬೇಗ ಒಗ್ಗುವುದಿಲ್ಲ. ನಮ್ಮಲ್ಲಿ ಇವರು ರಿಪೇರಿಯವರು, ಹೆಚ್ಚೆಂದರೆ ಮೆಕ್ಯಾನಿಕ್. ಇಲ್ಲಿ ಗ್ಯಾಸ್ ಎಂಜಿನಿಯರ್. ಕೇಳುವ ಮೊದಲೇ ಅವರು ಕಾರ್ಡ್ ತೆಗೆದು, ತಿರುಗಿಸಿ, ಹಿಂಬದಿ ತೋರಿಸಿದರು.

ವಾಲ್ವಿನಿಂದ ಒಂದು ಕಪ್ಪು ಹನಿ

ಅವರು ಬಾಯ್ಲರನ್ನು ಮುಟ್ಟಲೇ ಇಲ್ಲ, ಮೊದಲು ನನ್ನನ್ನು ಕೇಳಿದರು. ಎಷ್ಟು ದಿನಕ್ಕೊಮ್ಮೆ ನೀರು ತುಂಬುತ್ತೀರಿ? ಬಿಸಿಯಾದಾಗ ಮುಳ್ಳು ಎಲ್ಲಿರುತ್ತದೆ? ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತಣ್ಣಗಿದ್ದಾಗ ಮಾತ್ರ ನಾನು ಅದರ ಮುಖ ನೋಡಿದ್ದೆ.

ಆಮೇಲೆ ಒಂದೊಂದೇ ರೇಡಿಯೇಟರಿನ ಬುಡಕ್ಕೆ ಕೈಯಾಡಿಸುತ್ತ ಹೋದರು. ಎಲ್ಲೂ ಪಸೆಯಿಲ್ಲ. ಹೊರಗೆ ಹೋಗಿ ಗೋಡೆಯಿಂದ ಚಾಚಿದ್ದ ಒಂದು ತಾಮ್ರದ ಕೊಳವೆಯನ್ನು ತೋರಿಸಿದರು. ಕೆಳಗಿನ ಇಟ್ಟಿಗೆಯ ಮೇಲೆ ಬಿಳಿ ಕರೆ. ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ ಒಳಗೆ ಬಂದು ಬಾಯ್ಲರ್ ಹೊತ್ತಿಸಿದರು. ಗೇಜಿನ ಮುಂದೆ ಮೂವರೂ ನಿಂತೆವು. ಒಂದೂವರೆ. ಎರಡು. ಎರಡೂವರೆ. ಹತ್ತು ನಿಮಿಷದಲ್ಲಿ ಮೂರು. ಹೊರಗೆ ಹೋಗಿ ನೋಡಿದರೆ ಚೀಲದ ತುಂಬ ಬಿಸಿನೀರು.

ಒತ್ತಡ 3 ಬಾರ್ ದಾಟಿದರೆ ಬಾಯ್ಲರ್ ಸಿಡಿಯದಂತೆ ಸುರಕ್ಷಾ ವಾಲ್ವು ತೆರೆದು ನೀರನ್ನು ಹೊರಗೆ ಬಿಡುತ್ತದೆ. ತಣ್ಣಗಾದಾಗ ಆ ನೀರಿನಷ್ಟು ಕೊರತೆ. ಮುಳ್ಳು ಸೊನ್ನೆಗೆ ಬೀಳುತ್ತಿದ್ದುದು ಅದಕ್ಕೇ. ಹಾಗಾದರೆ ಒತ್ತಡ ಏರುವುದೇಕೆ? ಕವಚ ಬಿಚ್ಚಿ ಬೆನ್ನಿನ ಕಡೆಯ ಡಬ್ಬಿಯಲ್ಲಿದ್ದ ವಾಲ್ವಿನ ಮುಚ್ಚಳ ತೆಗೆದರು. ಥೇಟ್ ಸೈಕಲ್ ಟ್ಯೂಬಿನ ವಾಲ್ವಿನಂಥದ್ದು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರು. ಬುಸ್ಸೆಂದು ಗಾಳಿ ಬರಬೇಕಾದ ಕಡೆ ಕಪ್ಪು ನೀರಿನ ಹನಿಯೊಂದು ಜಿನುಗಿ ಅವರ ಬೆರಳ ಮೇಲೆ ನಿಂತಿತು. "ರಬ್ಬರ್ ಹರಿದಿದೆ" ಅಂದರು. ಗಾಳಿಯ ಮನೆಗೆ ನೀರು ನುಗ್ಗಿ ಕೂತಿತ್ತು, ಹಿಗ್ಗುವ ನೀರಿಗೆ ಜಾಗವೇ ಉಳಿದಿರಲಿಲ್ಲ. ಸರ್ಕ್ಯೂಟ್ ಬೋರ್ಡ್ ಗಟ್ಟಿಮುಟ್ಟಾಗಿತ್ತು.

ಆ ಹನಿಯ ಬಣ್ಣ ಇನ್ನೊಂದು ವಿಷಯ ಹೇಳುತ್ತಿತ್ತು. ಹೊಸ ನೀರು ಬಂದಾಗಲೆಲ್ಲ ಅದರ ಜೊತೆ ಹೊಸ ಆಮ್ಲಜನಕವೂ ಬರುತ್ತದೆ. ರೇಡಿಯೇಟರಿನ ಉಕ್ಕು ಒಳಗೇ ತುಕ್ಕು ಹಿಡಿದು ಕಪ್ಪು ರಾಡಿಯಾಗುತ್ತದೆ. ಒಂದು ತಿಂಗಳಿಂದ ನಾನು ಮಾಡುತ್ತಿದ್ದ ಉಪಚಾರವೇ ಇನ್ನೊಂದು ರೋಗ ಸಾಕುತ್ತಿತ್ತು.

ಹಳೆಯ ಡಬ್ಬಿ ಬದಲಿಸಲು ಇಡೀ ಬಾಯ್ಲರನ್ನು ಗೋಡೆಯಿಂದ ಇಳಿಸಬೇಕಿತ್ತು. ಅದರ ಬದಲು ಮರಳುವ ಕೊಳವೆಗೆ ಹೊರಗಿನಿಂದಲೇ ಒಂದು ಹೊಸ ವೆಸೆಲ್ ಜೋಡಿಸಿದರು. ದಿನಾ ತೆರೆದು ತೆರೆದು ಸರಿಯಾಗಿ ಮುಚ್ಚದಂತಾಗಿದ್ದ ಸುರಕ್ಷಾ ವಾಲ್ವನ್ನೂ ಬದಲಿಸಿದರು, ನೀರಿಗೆ ತುಕ್ಕು ತಡೆಯುವ ದ್ರಾವಣ ಹಾಕಿದರು. ಕೊನೆಗೆ ಹೊಗೆಕೊಳವೆಯ ತೂತಿಗೆ ಸಲಾಕೆ ತೂರಿಸಿ ಕೈಯಲ್ಲಿದ್ದ ಯಂತ್ರದಿಂದ ಒಂದು ಚೀಟಿ ಹರಿದುಕೊಟ್ಟರು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡಿಗೂ ಕಾರ್ಬನ್ ಡೈಆಕ್ಸೈಡಿಗೂ ಇರುವ ಅನುಪಾತ ಅದರಲ್ಲಿತ್ತು, 0.004 ದಾಟಬಾರದು, ನಮ್ಮದು ತೀರಾ ಕೆಳಗಿತ್ತು. ಅಮ್ಮ ಚೀಟಿ ಹಿಡಿದು ನೋಡಿದಳು. "ಹೊಗೆಗೂ ಜಾತಕ ಬರೆಸ್ತಾರಲ್ಲೇ!"

ಹೊಸ ಬಾಯ್ಲರಿಗೆ ಆಗುತ್ತಿದ್ದುದರಲ್ಲಿ ಎಂಟನೇ ಒಂದು ಭಾಗಕ್ಕೆ ಕೆಲಸ ಮುಗಿಯಿತು. "ಬೆಂಕಿಯ ಕಾವನ್ನು ನೀರಿಗೆ ದಾಟಿಸುವ ಮುಖ್ಯ ಹೀಟ್ ಎಕ್ಸ್‌ಚೇಂಜರ್ ಸೋರಿದ ದಿನ ಮಾತ್ರ ರಿಪೇರಿ ಮಾಡಿಸಬೇಡಿ, ಬದಲಿಸಿ" ಎಂದೂ ಅವರೇ ಹೇಳಿಹೋದರು.

ಕಣ್ಣು ಉರಿಸದ ಹೊಗೆ

ಬಚ್ಚಲೊಲೆಯ ಹೊಗೆ ಕಣ್ಣು ಉರಿಸಿ ಎಚ್ಚರಿಸುತ್ತಿತ್ತು. ಸೋರಿದ ಅಡುಗೆ ಅನಿಲ ನಾರುವಂತೆ ಅದಕ್ಕೆ ಬೇಕೆಂದೇ ವಾಸನೆ ಬೆರೆಸುತ್ತಾರೆ. ಆದರೆ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಆಯಾಸ. ಫ್ಲೂ ಇರಬೇಕೆಂದು ಮಲಗಿದವರು ಏಳದೇ ಹೋಗಬಹುದು. ನೀಲಿ ಜ್ವಾಲೆ ಹಳದಿಯಾಗಿ ತೂಗಾಡಿದರೆ, ಸುತ್ತ ಮಸಿ ಹಿಡಿದರೆ, ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು ಬಂದು ಹೊರಗೆ ಹೋದಾಗ ಇಳಿದರೆ, ಗ್ಯಾಸ್ ಆರಿಸಿ, ಕಿಟಕಿ ತೆರೆದು, ಹೊರಗೆ ಬಂದು 0800 111 999ಕ್ಕೆ ಫೋನು ಮಾಡಬೇಕು. ಬ್ರಿಟನ್ನಿನ ಗ್ಯಾಸ್ ತುರ್ತು ಸಂಖ್ಯೆ ಅದು.

ಇಲ್ಲಿಗೆ ಓದಲು ಬಂದು ಬಾಡಿಗೆ ಮನೆ ಹಿಡಿಯುವ ನಮ್ಮ ಹುಡುಗ ಹುಡುಗಿಯರು ಇದನ್ನು ತಿಳಿದಿರಬೇಕು. ಮನೆಯ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ನೋಂದಾಯಿತ ಎಂಜಿನಿಯರಿಂದ ಪರೀಕ್ಷೆ ಮಾಡಿಸಿ ಅದರ ದಾಖಲೆಯ ಪ್ರತಿಯನ್ನು ಬಾಡಿಗೆದಾರರಿಗೆ ಕೊಡುವುದು ಮಾಲೀಕನ ಕರ್ತವ್ಯ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸುವುದೂ ಅವನದೇ ಹೊಣೆ. ಕೇಳಲು ಸಂಕೋಚ ಬೇಡ.

ಊರಿನ ಮಾತೇನು? ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ಜೀವ ಕಳೆದುಕೊಂಡವರ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊಂದದ್ದು ಇದೇ ಅನಿಲ. ಗೀಸರನ್ನು ಬಚ್ಚಲಿನ ಹೊರಗೆ ಗಾಳಿಯಾಡುವ ಕಡೆ ಹಾಕಿಸಬೇಕು. ಒಳಗೇ ಇದ್ದರೆ ಬಕೆಟ್ ತುಂಬಿಸಿ, ಆರಿಸಿ, ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಬೇಕು.

ಮರುದಿನ ಬೆಳಗ್ಗೆ ಮುಳ್ಳು ಒಂದೂಕಾಲಿನಲ್ಲೇ ಇತ್ತು. ಅಮ್ಮ ಸ್ನಾನ ಮುಗಿಸಿ, ಕೂದಲಿಗೆ ಟವೆಲು ಸುತ್ತಿಕೊಂಡೇ ರಾಜಾಜಿನಗರದ ಚಿಕ್ಕಮ್ಮನಿಗೆ ಫೋನು ಮಾಡಿದಳು. "ನಿಮ್ಮನೆ ಗೀಸರ್ ಬಚ್ಚಲೊಳಗೇ ಇದೆ ಅಲ್ವೇನೇ? ಮೊದ್ಲು ಹೊರಗೆ ಹಾಕ್ಸು. ಹಾಕೋಕೆ ಬಂದೋನ ಹತ್ರ ಕಾರ್ಡ್ ಇದೆಯಾ ಕೇಳು."

ಆ ಕಡೆಯಿಂದ ಚಿಕ್ಕಮ್ಮನ ದನಿ ನನಗೂ ಕೇಳಿಸಿತು. "ಯಾವ ಕಾರ್ಡೇ ಅಕ್ಕಾ? ಆಧಾರಾ?"